ಕಾಲರಿನ ಮೇಲಿನ ಕಲೆ

ಮಾರ್ಚ್ 4, ಬೆಳಗ್ಗೆ

ಮಕ್ಕಳ ಮೆತ್ತನೆಯ ಬ್ರಷ್ಷಿನಲ್ಲಿ ಹಲ್ಲುಜ್ಜಿ, ಉಪ್ಪುನೀರು ಮುಕ್ಕಳಿಸಿ, ಉಗಿದೆ. ಸ್ವಲ್ಪ ರಕ್ತ. ನಾಲಗೆಯ ಅಂಚಿನಲ್ಲಿ ಹೊಸ ಹುಣ್ಣು. ಹಾಲು ಕುಡಿದರೆ ತಗಡು ನೆಕ್ಕಿದ ಹಾಗೆ.

ಈ ಸ್ಥಿತಿಯಲ್ಲಿ ಕೆಲಸಕ್ಕೆ ಹೋಗಲೇಬೇಕಾ ಎಂದು ಅಮ್ಮ ಮತ್ತೆ ಕೇಳಿದಳು. ಹೋಗಲೇಬೇಕು. ಕ್ಯಾನ್ಸರ್ ಎಡ ಸ್ತನ ಕಿತ್ತುಕೊಂಡಿತು, ಹೊಲಿಗೆ ಯಂತ್ರವನ್ನೂ ಬಿಟ್ಟುಕೊಡಲಾರೆ. ರೋಗಿಯನ್ನು ಮೂಲೆಗೆ ಕೂರಿಸುವ ಸಮಾಜವನ್ನು ನಾನೇ ಒಪ್ಪಿಕೊಂಡರೆ — ಎಂದು ಶುರು ಮಾಡಿದ್ದೆ. ಅಮ್ಮ ಬೋಳುತಲೆಗೆ ಟೋಪಿ ಹಾಕಿ ಕಿವಿಯವರೆಗೂ ಎಳೆದಳು.

"ಭಾಷಣ ಸಂಜೆ ಮಾಡು. ಈಗ ಮಾತ್ರೆ ನುಂಗು."

ಮಾರ್ಚ್ 6, ಊಟದ ಬಿಡುವು

ಗಾರ್ಮೆಂಟ್ಸಿನ ನೀರಿನ ನಲ್ಲಿಯ ಪಕ್ಕ ನಾನು ಹಚ್ಚಿದ್ದ ಕರಪತ್ರವನ್ನು ಸೂಪರ್‌ವೈಸರ್ ಹರಿದು ಹಾಕಿದ್ದ. ಇನ್ನೊಂದು ಹಚ್ಚಿದೆ. ಇಡೀ ರಾತ್ರಿ ಯೋಚಿಸಿ ಬರೆದ ಸಾಲು: "ಸೂಜಿ ಚುಚ್ಚಿದರೆ ಹೇಳಿ. ನಿಮ್ಮ ಮೌನ ಮಾಲೀಕನ ಲಾಭ." ನಮ್ಮ ಹೆಂಗಸರ ರೂಢಿಯೇ ಬೇರೆ. ಬೆರಳಿಗೆ ಸೂಜಿ ಇಳಿದರೂ ಟೇಪ್ ಸುತ್ತಿ, ತಲೆ ತಗ್ಗಿಸಿ, ಹೊಲಿಗೆ ಮುಂದುವರಿಸುತ್ತಾರೆ. ಒಬ್ಬಳಿಂದ ಹೊಲಿಗೆಯ ಲೈನ್ ನಿಂತರೆ ಎಲ್ಲರೂ ಬೈಗುಳ ತಿನ್ನಬೇಕಲ್ಲ.

ಪಕ್ಕದ ಯಂತ್ರದ ಕಾಲರ್ ಅಕ್ಕ — ಸೇರಿದಂದಿನಿಂದ ಕಾಲರ್ ಬಿಟ್ಟು ಬೇರೇನನ್ನೂ ಹೊಲಿದಿಲ್ಲ, ಅದಕ್ಕೇ ಆ ಹೆಸರು — ಕರಪತ್ರವನ್ನು ಅಕ್ಷರ ಕೂಡಿಸಿ ಓದಿದಳು. ಅಕ್ಷರ ದಪ್ಪಗಿದೆ, ಬರೆದವಳು ಮಾತ್ರ ಕಡ್ಡಿಯಾಗಿದ್ದಾಳೆ ಎಂದಳು.

ನಿನ್ನೆಯಿಂದ ಬೆರಳ ತುದಿಗಳಿಗೆ ಯಾರೋ ಗವಸು ತೊಡಿಸಿದ ಹಾಗಿದೆ. ತೆಗೆಯಲು ಬಾರದ ಗವಸು.

ಮಾರ್ಚ್ 9, ಸಂಜೆ

ವಾರದ ಕೀಮೋ. ಡಾಕ್ಟರಮ್ಮ ಕೈಕಾಲು ಜೋಮು ಹಿಡಿಯುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಈ ಮದ್ದು ಶುರು ಮಾಡುವಾಗಲೇ ಎಚ್ಚರಿಸಿದ್ದರು. ಜೋಮು ಬಂದರೆ ಕೂಡಲೇ ಹೇಳಿ, ಡೋಸ್ ಇಳಿಸುತ್ತೇವೆ ಅಥವಾ ಮದ್ದು ಬದಲಿಸುತ್ತೇವೆ, ಮುಚ್ಚಿಟ್ಟರೆ ಬೆರಳಿನ ಸ್ಪರ್ಶ ಹಿಂತಿರುಗದೆಯೂ ಇರಬಹುದು ಎಂದು. ನನ್ನ ತಲೆಯಲ್ಲಿ ಉಳಿದದ್ದು ಡೋಸ್ ಇಳಿಸುವ ಮಾತೊಂದೇ. ಶತ್ರು ಎದುರಿಗಿರುವಾಗ ಅರ್ಧ ಯುದ್ಧ ಮಾಡುವುದೆ? ಸಹಿಸುತ್ತೇನೆ.

ಬೆಳಗ್ಗೆ ರವಿಕೆಯ ಹುಕ್ಕು ಹಾಕಿಕೊಟ್ಟವಳು ಅಮ್ಮ. ಡಾಕ್ಟರ ಮುಂದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಕೊಂಡು, "ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ" ಎಂದಳು.

ಮಾರ್ಚ್ 13

ಬರೆಯಲಾಗಲಿಲ್ಲ. ಮೂಳೆಯೊಳಗೆ ನೋವು, ವಾಕರಿಕೆ, ಹಾಸಿಗೆ. ಪೆನ್ನಿಗೆ ಬಟ್ಟೆ ಸುತ್ತಿಕೊಂಡಿದ್ದೇನೆ, ಇಲ್ಲದಿದ್ದರೆ ಜಾರುತ್ತದೆ. ನಾಳೆ ಕೆಲಸಕ್ಕೆ.

ಮಾರ್ಚ್ 15, ಸಂಜೆ

ಇದನ್ನು ಬರೆದೇ ತೀರಬೇಕು.

ಬಿಳಿ ಅಂಗಿಗಳ ಆರ್ಡರ್. ಕಾಲರಿಗೆ ಅಂಚು ಹೊಲಿಯುತ್ತಿದ್ದೆ. ಪಕ್ಕದಿಂದ ಅಕ್ಕ ಕೈಚಾಚಿ ನನ್ನ ಯಂತ್ರ ಆಫ್ ಮಾಡಿದಳು. ಯಾಕೆ ಎಂದು ತಿರುಗಿದೆ. ಸೂಜಿ ನನ್ನ ತೋರುಬೆರಳಿನ ಉಗುರಿನ ಪಕ್ಕ ಇಳಿದಿತ್ತು. ಕಾಲರಿನ ಮೇಲೆ ಕೆಂಪು. ನನಗೆ ಗೊತ್ತೇ ಆಗಿರಲಿಲ್ಲ.

ಬಿಳಿ ಬಟ್ಟೆಗೆ ರಕ್ತ ತಾಗಿದರೆ ಏನು ಮಾಡಬೇಕೆಂದು ಲೈನಿನಲ್ಲಿ ಎಲ್ಲರಿಗೂ ಗೊತ್ತು. ದಾರದ ಚೂರು ಬಾಯಲ್ಲಿ ಜಗಿದು ಒದ್ದೆ ಮಾಡಿ, ಕಲೆಯ ಮೇಲೆ ಒತ್ತಬೇಕು. ಅವರವರ ರಕ್ತಕ್ಕೆ ಅವರವರ ಎಂಜಲೇ ಆಗಬೇಕು, ಬೇರೆಯವರದು ಹಿಡಿಯುವುದಿಲ್ಲ ಎಂಬ ನಂಬಿಕೆ. ಅಕ್ಕ ಸೂಜಿ ಬಿಡಿಸಿ, ದಾರದ ಉಂಡೆಯೊಂದನ್ನು ನನ್ನ ಬಾಯಿಗಿಟ್ಟಳು. ಜಗಿದೆ. ಒಣದಾರವಾಗಿಯೇ ಹೊರಬಂತು. ಮತ್ತೆ ಜಗಿದೆ. ಹುಣ್ಣು ಉರಿಯಿತೇ ಹೊರತು ಒಂದು ಹನಿಯೂ ಒಸರಲಿಲ್ಲ.

"ಊರಿಗೆಲ್ಲ ಬುದ್ಧಿ ಹೇಳೋ ಬಾಯಲ್ಲಿ ಒಂದು ತೊಟ್ಟು ಎಂಜಲಿಲ್ವೇನೇ?"

ನಕ್ಕೆ. ತುಟಿ ಸೀಳಿತು. ಅಕ್ಕ ನಗಲಿಲ್ಲ. ಒಣದಾರ ನೋಡಿದಳು, ಬೆರಳು ನೋಡಿದಳು. ಸೂಜಿ ಹೋದದ್ದು ತಿಳಿಯಲೇ ಇಲ್ಲ ಅಲ್ಲವೇ ಎಂದು ಮೆಲ್ಲಗೆ ಕೇಳಿದಳು. ಡಾಕ್ಟರಿಗೆ ಗೊತ್ತೋ ಎಂದೂ ಕೇಳಿದಳು.

ಯಾರಿಗೂ ಹೇಳಬೇಡಕ್ಕ ಎಂದೆ.

ಅಕ್ಕ ಕಾಲರನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಲ್ಲಿಯ ಬಳಿ ಕರೆದೊಯ್ದು ಸೋಪಿನಲ್ಲಿ ಬೆರಳು ತೊಳೆದು, ಟೇಪ್ ಸುತ್ತಿದಳು. ಯಾರೂ ಮಾಡಬಾರದು ಎಂದು ನಾನು ಊರಿಗೆಲ್ಲ ಸಾರಿದ್ದನ್ನೇ ನನಗಾಗಿ ಅಚ್ಚುಕಟ್ಟಾಗಿ ಮಾಡಿ ಮುಗಿಸಿದಳು. ತಲೆಯೆತ್ತಿದರೆ ಎದುರಿಗೆ ನನ್ನದೇ ಕರಪತ್ರದ ದಪ್ಪ ಅಕ್ಷರಗಳು.

"ಇದನ್ನ ನಾನೇ ಹರಿದು ಹಾಕ್ಲಾ, ಇಲ್ಲಾ ನೀನು ನಾಳೆ ಡಾಕ್ಟ್ರ ಹತ್ರ ಬಾಯಿ ಬಿಡ್ತೀಯಾ?"

ಮಾರ್ಚ್ 16, ಬೆಳಗ್ಗೆ, ಆಸ್ಪತ್ರೆಯ ಬೆಂಚು

ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ರಜೆ ಹಾಕಿ ಬಂದ ಅಕ್ಕ. ಕಳ್ಳಿಯನ್ನು ಹಿಡಿದು ತಂದ ಹಾಗೆ ಕೂತಿದ್ದಾರೆ. ಜ್ವರ ಬಂದಿಲ್ಲ, ಅಮ್ಮ ಬೆಳಗ್ಗೆ ನೋಡಿದಳು. ಅಕ್ಕನ ಚೀಲದಲ್ಲಿ ಆ ಕಾಲರ್. ತಣ್ಣೀರಿನಲ್ಲಿ ನೆನೆಹಾಕಿದಳಂತೆ, ಹೋಗಲಿಲ್ಲ, ಕಂದುಗಟ್ಟಿದೆ. ನಾನು ಮತ್ತೆ ಇಲ್ಲ ಎಂದರೆ ಸಾಕ್ಷಿಗೆ ಇರಲಿ ಎಂದು ತಂದಿದ್ದಾಳೆ.

ಮೌನ ಯಾರ ಲಾಭ ಎಂದು ಎಲ್ಲರನ್ನೂ ಕೇಳುತ್ತಿದ್ದೆ. ನನ್ನ ಮೌನಕ್ಕೆ ಮಾಲೀಕನೂ ಇಲ್ಲ, ಲಾಭವೂ ಇಲ್ಲ. ಇರುವುದು ಭಯ. ಡೋಸ್ ಇಳಿಸಿದರೆ ಅದು ಮತ್ತೆ ಬರುತ್ತದೆಂಬ ಭಯ. ಈ ಪದವನ್ನು ಇಲ್ಲಿ ಬರೆದದ್ದು ಇದೇ ಮೊದಲು.

ನರ್ಸ್ ಕರೆದರು. ಅಕ್ಕ ಎದ್ದು ಬಾಗಿಲು ಹಿಡಿದು ನಿಂತಿದ್ದಾಳೆ. ಮೊದಲ ಮಾತನ್ನು ಬಸ್ಸಿನಲ್ಲೇ ಕಟ್ಟಿಕೊಂಡಿದ್ದೆ, ಮರೆಯದಂತೆ ಬರೆದುಕೊಳ್ಳುತ್ತೇನೆ — ಡಾಕ್ಟ್ರೇ, ಹೋದ ವಾರ ನೀವು ಕೇಳಿದಾಗ ನಾನು ಸುಳ್ಳು—