'ಕ್ಷಾ' ಕೆಳಗಿನ ಮೂರು ಚುಕ್ಕೆ

ಮನೆಯಿಂದ,
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ವಿಹಾರ ಸೇರಿದವನನ್ನು ಭಂತೇ ಎನ್ನಬೇಕಂತೆ. ನಿನ್ನ ಮೂಗು ಒರೆಸಿ ಬೆಳೆಸಿದವಳ ಬಾಯಲ್ಲಿ ಅದು ಬರುವುದಿಲ್ಲ, ಕ್ಷಮಿಸು. ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ತಣ್ಣನೆಯ ನೆಲದ ಮೇಲೆ ಗಂಟೆಗಟ್ಟಲೆ ಕೂತರೆ ಬುದ್ಧನ ಮಂಡಿಯೂ ನೋಯುತ್ತದೆ, ದಪ್ಪನೆಯದೇನಾದರೂ ಹಾಸಿಕೋ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಕೈ ಓಡಲಿಲ್ಲ. ನಿನ್ನನ್ನು ಕರೆಯಲು ಬರೆಯುತ್ತಿಲ್ಲ, ಗಾಬರಿಯಾಗಬೇಡ. ಅಪ್ಪ ಇದ್ದಾರೆ. ಲಕ್ವ ಹೊಡೆದು ಬಲಗೈ, ಮಾತು ಎರಡೂ ಬಿದ್ದುಹೋಗಿ ಮೂರು ವರ್ಷವಾಯಿತು. ಉಳಿದ ಎಡಗೈಗೆ ಅವರು ಇಟ್ಟುಕೊಂಡಿರುವ ಕೆಲಸ ಒಂದೇ, ನಾನು ಕೊಟ್ಟದ್ದನ್ನು ಎಸೆಯುವುದು.

ನೀನು ಮನೆ ಬಿಟ್ಟ ದಿನ ಗೋಡೆಗೆ ಅಂಟಿಸಿದ ಚೀಟಿ ನೆನಪಿದೆಯಾ? 'ಕ್ಷಾಂತಿಯೇ ಉಳಿಯುವ ಸುಖ.' ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಅಪ್ಪ, ಅಮ್ಮ ತೀರಿಕೊಂಡಾಗ ಬಂದ ಸಂತಾಪದ ಕಾಗದಗಳನ್ನೂ ತಿದ್ದಿಟ್ಟವರು, ಸುಮ್ಮನಿರುತ್ತಾರೆಯೇ? ಕೆಂಪು ಪೆನ್ಸಿಲ್ ತಂದು 'ಕ್ಷಾ' ಹೊಡೆದು ಪಕ್ಕದಲ್ಲಿ 'ಶಾ' ಬರೆದರು. ಆ ಪದ ಅವರಿಗೆ ಗೊತ್ತಿರಲಿಲ್ಲ ಕಣೋ. ಶಾಂತಿ ಎಂದು ಬರೆಯಲು ಹೋಗಿ ಹುಡುಗ ಕಾಗುಣಿತ ಕೆಡಿಸಿದ್ದಾನೆ ಎಂದುಕೊಂಡರು. ನೀನು, 'ಈ ಮನೆಯಲ್ಲಿ ನಾನೇ ಒಂದು ಅಚ್ಚಿನ ತಪ್ಪು' ಎಂದು ಚೀಲ ಹೆಗಲಿಗೇರಿಸಿದೆ. ಏಳು ವರ್ಷದಲ್ಲಿ ನನಗೆ ಬರೆದೆ, ಅವರಿಗೆ ಒಂದಕ್ಷರ ಬರೆಯಲಿಲ್ಲ. ನಿನ್ನ ಕಾಗದಗಳನ್ನು ನಾನು ಬೇಕೆಂದೇ ಅವರ ಹಾಸಿಗೆಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಕ್ಷಾಂತಿ ಎಂದರೆ ಹಲ್ಲು ಕಚ್ಚಿ ಸಹಿಸುವುದಲ್ಲ, ನೋಯಿಸಿದವರ ಮೇಲೂ ಸಿಟ್ಟು ಹುಟ್ಟದಿರುವುದು, ಬೇರೆ ಸುಖವೆಲ್ಲ ಬಂದು ಹೋಗುವಂಥದ್ದು ಎಂದು ಹೋದ ವರ್ಷ ಬರೆದಿದ್ದೆಯಲ್ಲ, ಅದನ್ನೂ ಓದಿದೆ. ಓದುವಾಗ ನನಗೆ ಮೈಯೆಲ್ಲ ಉರಿಯಿತು. ನಾನು ಹಲ್ಲು ಕಚ್ಚುವ ಪೈಕಿ, ದವಡೆ ಸವೆದುಹೋಗಿದೆ.

ಹೋದ ಗುರುವಾರ ಲಾಂಡ್ರಿಯಲ್ಲಿ ಎಂಟು ಗಂಟೆ ಊರವರ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದು, ಇಲ್ಲಿ ಅವರ ಹಾಸಿಗೆ ಬಟ್ಟೆ ಮೂರನೇ ಸಲ ಬದಲಿಸುತ್ತಿದ್ದೆ. ಹಾಲಿನ ಲೋಟ ನನ್ನ ಎದೆಗೆ ಎಸೆದರು. ನಾನು ಆ ಮಣಿಕಟ್ಟು ಹಿಡಿದು ತಿರುಚಿದೆ. ಸತ್ತಾದರೂ ಹೋಗಬಾರದಾ ಎಂದೆ. ಹೌದು, ಅಪ್ಪನಿಗೆ. ಒದ್ದೆಯಲ್ಲೇ ಬಿಟ್ಟು ಹೊರಗೆ ಮೆಟ್ಟಿಲ ಮೇಲೆ ಒಂದು ಗಂಟೆ ಕೂತೆ. ಒಳಗೆ ಬಂದಾಗ ಮಣಿಕಟ್ಟಿನ ಮೇಲೆ ನನ್ನ ನಾಲ್ಕು ಬೆರಳು ನೀಲಿಯಾಗಿ ಎದ್ದಿದ್ದವು. ಅವರು ಮುಖ ತಿರುಗಿಸಲಿಲ್ಲ, ಗೋಡೆಯ ಮೇಲೆ ಇನ್ನೂ ಇದ್ದ ನಿನ್ನ ಚೀಟಿಯತ್ತ ಕೈ ತೋರಿಸಿದರು. ಚೀಟಿ ಕಿತ್ತು ಕೊಟ್ಟೆ. ಗೀಚುವ ಸನ್ನೆ ಮಾಡಿದರು, ಹಳೆಯ ಕೆಂಪು ಪೆನ್ಸಿಲ್ ಹುಡುಕಿ ಕೊಟ್ಟೆ. ನಾನು ತಿರುಚಿದ ಅದೇ ಕೈಯಲ್ಲಿ, ಹೊಡೆದುಹಾಕಿದ್ದ 'ಕ್ಷಾ' ಕೆಳಗೆ ಮೂರು ಚುಕ್ಕೆ ಇಟ್ಟರು. ಕರಡು ತಿದ್ದುವವರ ಮಕ್ಕಳು ನಾವು, ಅದರ ಅರ್ಥ ನಿನಗೆ ಬಿಡಿಸಿ ಹೇಳಬೇಕೇ? 'ಹೊಡೆದುಹಾಕಿದ್ದು ನನ್ನ ತಪ್ಪು, ಮೊದಲಿದ್ದಂತೆಯೇ ಇರಲಿ' ಎಂದು. ಆ ಮನುಷ್ಯ ತನ್ನ ತಿದ್ದುಪಡಿಯನ್ನು ತಾನೇ ವಾಪಸ್ ಪಡೆದದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಕಣ್ಣಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಚೀಟಿ ಇದರೊಳಗೆ ಇಟ್ಟಿದ್ದೇನೆ, ಜೋಪಾನ. ಅಪ್ಪನ ಆಶೀರ್ವಾದ ಈ ಸಲ ಅವರ ಕೈಬರಹದಲ್ಲೇ ಬರುತ್ತಿದೆ ಎಂದುಕೋ. ಹೊಟ್ಟೆ ತುಂಬ ಊಟ ಮಾಡು.

ನಿನ್ನ
ಅಕ್ಕ

ತಾ.ಕ.: ಕರೆಯಲು ಬರೆಯುತ್ತಿಲ್ಲ ಎಂದೆನಲ್ಲ, ಆ ಸಾಲು ಹೊಡೆದುಹಾಕು, ಚುಕ್ಕೆ ಇಡಬೇಡ. ನಿನ್ನೆ ನಾನು ಮತ್ತೆ ಅವರ ಮೇಲೆ ಕೈ ಎತ್ತಿದೆ. ಅವರು ಏನೂ ಎಸೆದಿರಲಿಲ್ಲ. ತಪ್ಪಿಸಿಕೊಳ್ಳಲಿಲ್ಲ, ಕಣ್ಣೂ ಮುಚ್ಚಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಅಷ್ಟು ತಾಳ್ಮೆ ಇರುವವರ ಜೊತೆ ನನ್ನನ್ನು ಒಬ್ಬಳನ್ನೇ ಬಿಡಬೇಡ. ಬಾ.