ಎರಡು ಗೀರಿನ ಕೋಲು

ಶಿರಿಪಾಯಿ, ರುಪುನುನಿ ಹೊಳೆದಂಡೆ
ಮಂಗಳವಾರ, ಫೆಬ್ರವರಿ ೧೮

ನನ್ನಷ್ಟೇ ಮೊಂಡಿಯಾದ ನನ್ನ ಮುದ್ದಿನ ಡೆಲ್ಸೀನ್‌ಗೆ,

ಡಬ್ಬಿಯಲ್ಲಿ ಮರಗೆಣಸಿನ ರೊಟ್ಟಿ, ಒಣಮೀನು, ನೀನು ಕೇಳಿದ್ದ ಸಣ್ಣ ಮೆಣಸು ಇದೆ. ರೊಟ್ಟಿಯನ್ನು ಎರಡು ದಿನ ಬಿಸಿಲಿಗೆ ಹಾಕಿದ್ದೇನೆ, ಕೆಡುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಸೊಂಟ ಮಾತ್ರ ಆಗಾಗ ತಕರಾರು ತೆಗೆಯುತ್ತದೆ. ಶಾಲೆಯ ಹಿಂದಿನ ತೊಟ್ಟಿಗಳಲ್ಲಿ ಕಳೆದ ವರ್ಷದ ಆಮೆಮರಿಗಳು ಸಾಸರಿನಷ್ಟು ಅಗಲವಾಗಿವೆ. ಅವುಗಳ ನೀರು ಬದಲಾಯಿಸುವ ಸರದಿಗಾಗಿ ನಮ್ಮ ಆಮೆ ಕ್ಲಬ್ಬಿನ ಹನ್ನೆರಡು ಮಕ್ಕಳೂ ದಿನಾ ಜಗಳಾಡುತ್ತಾರೆ. ಸದಾ ತೂಕಡಿಸುವ ಮರಿಯೊಂದಕ್ಕೆ ಟೆಸ್ಸಾ ನಮ್ಮ ಹೆಡ್‌ಮಾಸ್ಟರರ ಹೆಸರಿಟ್ಟಿದ್ದಾಳೆ. ಇಬ್ಬರಲ್ಲಿ ಯಾರಿಗೂ ಇನ್ನೂ ಸುದ್ದಿ ಮುಟ್ಟಿಲ್ಲ.

ಇಷ್ಟನ್ನೇ ತಿಳಿಸಲು ನಾನು ಕಾಗದ ಬರೆಯುವವಳಲ್ಲ ಎಂದು ನಿನಗೆ ಗೊತ್ತು. ನಿನ್ನ ಚೀಟಿ ಭಾನುವಾರ ಕೈಸೇರಿತು. ಅವತ್ತಿನಿಂದ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದೇನೆ. ಬರುವ ಶನಿವಾರ ನಿಮ್ಮ ಕಾವಲು ಠಾಣೆಗೆ ವಿಚಾರಣಾ ಸಮಿತಿಯವರು ಬರುತ್ತಾರೆ, ಅವರೆದುರು ನಿನ್ನ ಜೊತೆಯ ರೇಂಜರ್ ಓರಿನ್ ವಿರುದ್ಧದ ಹೇಳಿಕೆಗೆ ಸಹಿ ಹಾಕುತ್ತೇನೆ ಎಂದು ಬರೆದಿದ್ದೀಯ. ಉದ್ದದಿಣ್ಣೆಯ ಮರಳಿನಲ್ಲಿದ್ದ ಮೂವತ್ತೊಂದು ಆಮೆಗೂಡುಗಳಲ್ಲಿ ಇಪ್ಪತ್ತೆರಡು ಒಂದೇ ರಾತ್ರಿಯಲ್ಲಿ ಬರಿದಾದವು. ಗೂಡುಗಳ ಜಾಗ ಗೊತ್ತಿದ್ದದ್ದು ರೇಂಜರುಗಳಿಗೆ ಮಾತ್ರ ಎನ್ನುತ್ತೀಯ. ಓರಿನ್‌ನ ಹಿಮ್ಮಡಿ ಹರಿದ ಬೂಟಿನ ಗುರುತು ಮರಳಿನ ಮೇಲಿತ್ತು, ಅದೂ ಉಳಿದ ಒಂಬತ್ತು ಗೂಡುಗಳ ಸುತ್ತ. ‘ಆ ಒಂಬತ್ತನ್ನ ತನಗೇಂತ ಉಳಿಸ್ಕೊಂಡಿದಾನೆ ಅಮ್ಮ. ರಜೆ ದಿನ ಅಲ್ಲಿಗ್ಯಾಕೆ ಹೋಗಿದ್ದೆ ಅಂದ್ರೆ ಬಾಯೇ ಬಿಡಲ್ಲ’ ಎಂದಿದ್ದೀಯ. ಪೆನ್ನು ಒತ್ತಿದ ರಭಸಕ್ಕೆ ಕಾಗದ ಎರಡು ಕಡೆ ತೂತಾಗಿದೆ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಕ್ಲಬ್ಬಿನ ಮೊದಲ ತಂಡದಲ್ಲಿ ನೀವಿಬ್ಬರೂ ಒಂದೇ ತೊಟ್ಟಿಯ ಮರಿಗಳನ್ನು ಸಾಕಿದವರು. ರೇಂಜರ್ ಪರೀಕ್ಷೆಗೆ ಒಂದೇ ಪುಸ್ತಕ ಹಂಚಿಕೊಂಡು ಓದಿದವರು. ಅಂಥವನೇ ಮೋಸ ಮಾಡಿದ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ಅವನ ಬೂಟು, ವಾಕಿಟಾಕಿ ಎರಡನ್ನೂ ಕಿತ್ತುಕೊಂಡು ಊರಿಗೆ ಕಳಿಸಿದಿರಲ್ಲ, ಅವತ್ತಿನಿಂದ ಜಗುಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದಾನೆ. ಮರಗೆಣಸು ತುರಿಯಲು ಹೆಂಗಸರೆಲ್ಲ ಸೇರುವಲ್ಲಿಗೆ ಅವನ ಹೆಂಡತಿ ಬರುವುದನ್ನೇ ಬಿಟ್ಟಿದ್ದಾಳೆ. ನಿನ್ನೆ ಅಂಗಡಿಯಲ್ಲಿ ಯಾರೋ, ‘ಏನಪ್ಪಾ ಓರಿನ್, ಮೊಟ್ಟೆ ಒಳ್ಳೇ ರೇಟಿಗೆ ಹೋಯ್ತಾ? ನಮಗೂ ಒಂದು ದಾರಿ ತೋರಿಸೋ’ ಎಂದು ಕೆಣಕಿದರು. ಎಲ್ಲರೂ ನಕ್ಕರು. ಅವನು ಬೆಂಕಿಪೊಟ್ಟಣ ತೆಗೆದುಕೊಂಡು ತಲೆ ತಗ್ಗಿಸಿ ಹೋದ. ನಾನು ಅಲ್ಲೇ ಸಾಲಿನಲ್ಲಿದ್ದೆ. ಉಪ್ಪು ಕೊಂಡು ಸುಮ್ಮನೆ ಮನೆಗೆ ಬಂದೆ.

ಡೆಲ್ಸೀನ್, ಆ ಕಾಗದಕ್ಕೆ ಸಹಿ ಹಾಕಬೇಡ. ಯಾಕೆ ಎನ್ನುವುದನ್ನು ನಾಳೆ ಬೆಳಿಗ್ಗೆ ಬರೆಯುತ್ತೇನೆ. ಈಗ ಕಣ್ಣು ಸರಿಯಾಗಿ ಕಾಣುತ್ತಿಲ್ಲ.

ಬುಧವಾರ ಬೆಳಿಗ್ಗೆ

ಕಣ್ಣಿಗೇನೂ ಆಗಿರಲಿಲ್ಲ. ಧೈರ್ಯ ಸಾಲಲಿಲ್ಲ, ಅಷ್ಟೆ.

ಕ್ರಿಸ್‌ಮಸ್ಸಿಗೆ ನೀನು ಬಂದಾಗ ನಡೆದ ಮಾತು ನೆನಪಿದೆಯೇ? ನೀವು ಗೂಡು ಕಂಡರೆ ಸೊಪ್ಪಿನ ಕೊಂಬೆಯಿಂದ ಮರಳು ಗುಡಿಸಿ, ಆಮೆಯ ಜಾಡನ್ನೂ ನಿಮ್ಮ ಜಾಡನ್ನೂ ಅಳಿಸಿ, ಗುರುತನ್ನೆಲ್ಲ ಯಂತ್ರದಲ್ಲಿಟ್ಟುಕೊಳ್ಳುತ್ತೀರಿ ಎಂದು ನೀನು ಹೇಳಿದೆ. ನಾನು ನಮ್ಮ ಹಳೆಯ ಪದ್ಧತಿ ಹೇಳಿದೆ. ಅಜ್ಜಿಯ ಕಾಲದಲ್ಲಿ ಗೂಡು ಕಂಡವರು ತಮ್ಮ ಮನೆಯ ಗೀರು ಕೆತ್ತಿದ ಕೋಲನ್ನು ಪಕ್ಕದಲ್ಲಿ ನೆಡುತ್ತಿದ್ದರು. ನಮ್ಮ ಮನೆಯದು ಎರಡು ಗೀರು. ಕೋಲು ಕಂಡ ಮೇಲೆ ನಮ್ಮ ಮಕುಶಿ ಜನದಲ್ಲಿ ಯಾರೂ ಆ ಗೂಡಿಗೆ ಕೈಹಾಕುತ್ತಿರಲಿಲ್ಲ, ಹಸಿವಿನ ವರ್ಷದಲ್ಲೂ. ಅದಕ್ಕೆ ನೀನು ಎಲ್ಲರೆದುರು, ‘ಅಮ್ಮ, ನಿನ್ನನ್ನ ಮ್ಯೂಸಿಯಮ್ಮಲ್ಲಿ ಇಡಬೇಕು’ ಎಂದು ನಕ್ಕೆ. ಮೀನಿನ ಸಾರು ಬಡಿಸುತ್ತ ನಾನೂ ನಕ್ಕೆ. ಆದರೆ ಅದು ಒಳಗೇ ಚುಚ್ಚುತ್ತಿತ್ತು.

ಫೆಬ್ರವರಿ ಎಂಟರ ಶನಿವಾರ ಕ್ಲಬ್ಬಿನ ಮಕ್ಕಳನ್ನು ಶಾಲೆಯ ದೋಣಿಯಲ್ಲಿ ಉದ್ದದಿಣ್ಣೆಗೆ ಕರೆದುಕೊಂಡು ಹೋದೆ. ಗೂಡು ಹುಡುಕಲು ನನಗೆ ಯಂತ್ರ ಬೇಕೆ? ಬರಿಗಾಲಿನಲ್ಲಿ ನಡೆದರಾಯಿತು, ಹಿಮ್ಮಡಿ ಮೆತ್ತಗೆ ಕುಸಿದಲ್ಲಿ ಮೊಟ್ಟೆ. ಮಕ್ಕಳಿಗೂ ಕಲಿಸಿದೆ. ಮಧ್ಯಾಹ್ನದೊಳಗೆ ಮೂವತ್ತೊಂದು ಗೂಡು ಸಿಕ್ಕವು. ಮೂವತ್ತೊಂದಕ್ಕೂ ಎರಡು ಗೀರಿನ ಕೋಲು ನೆಟ್ಟೆವು. ಮರಿಗಳೆಲ್ಲ ಕ್ಷೇಮವಾಗಿ ಹೊರಬಂದ ಮೇಲೆ ನಿನ್ನನ್ನು ಕರೆದು, ನೋಡಿದೆಯಾ ಎನ್ನಬೇಕೆಂದಿದ್ದೆ. ಆಮೆ ಉಳಿಸಲು ಹೋದೆನೆಂದು ಸಮಿತಿಯ ಮುಂದೆ ಹೇಳಬಹುದು. ನಿನ್ನ ಮುಂದೆ ಹೇಳಿದರೆ ಸುಳ್ಳಾಗುತ್ತದೆ. ನಾನು ನಿನ್ನನ್ನು ಗೆಲ್ಲಲು ಹೋದೆ.

ಗಡಿಯಾಚೆಯಿಂದ ಐಸ್ ಪೆಟ್ಟಿಗೆ ತುಂಬಿಕೊಂಡು ಬರುವ ಮೊಟ್ಟೆಗಳ್ಳರಿಗೆ ನಮ್ಮ ಗೀರಿನ ಅರ್ಥ ಏನು ಗೊತ್ತು? ಅಗೆಯಬೇಕಾದ ಜಾಗವನ್ನು ಯಾರೋ ಪುಣ್ಯಾತ್ಮರು ಕೋಲು ನೆಟ್ಟು ತೋರಿಸಿದ್ದಾರೆ ಎಂದುಕೊಂಡಿರಬೇಕು. ಭಾನುವಾರ ರಾತ್ರಿ ಬಂದು ದೋಚಿದರು. ಸೋಮವಾರ ನೀನು ಗಸ್ತಿಗೆ ಬಂದಾಗ ಅಲ್ಲಿ ಬೂದಿಯ ಗುಡ್ಡೆ ಕಂಡೆಯಲ್ಲ, ಅದು ನಮ್ಮ ಕೋಲುಗಳದ್ದು. ಅವನ್ನೇ ಉರಿಸಿ ಮೊಟ್ಟೆ ಬೇಯಿಸಿಕೊಂಡು ತಿಂದಿದ್ದಾರೆ. ಸುದ್ದಿ ಕೇಳಿ ಮರುದಿನ ಮಂಗಳವಾರ ನಾನು ಒಬ್ಬಳೇ ಹೋಗಿದ್ದೆ. ಬೂದಿಯಲ್ಲಿ ಅರ್ಧ ಸುಟ್ಟ ಕೋಲೊಂದು ಸಿಕ್ಕಿತು, ಗೀರು ಇನ್ನೂ ಕಾಣುತ್ತಿತ್ತು. ಅದನ್ನು ಹೊಳೆಗೆ ಎಸೆದೆ. ತೇಲಿಹೋಗುವವರೆಗೂ ನಿಂತು ನೋಡಿದೆ.

ಇದಕ್ಕಿಂತ ನಾಚಿಕೆಗೇಡಿನ ಮಾತು ಇನ್ನೊಂದಿದೆ. ಕಳೆದ ವಾರ ತೊಟ್ಟಿ ತೊಳೆಯುವಾಗ ಟೆಸ್ಸಾ ಹತ್ತಿರ ಬಂದು, ‘ಮಿಸ್, ಕೋಲು ನೆಟ್ಟಿದ್ದು ನಾವಲ್ವಾ? ಮತ್ತೆ ಓರಿನ್ ಮಾಮನ್ನ ಯಾಕೆ ಬೈತಾರೆ?’ ಎಂದಳು. ಅವಳಿಗೆ ಹತ್ತು ವರ್ಷ. ದೊಡ್ಡವಳಾದ ಮೇಲೆ ಡೆಲ್ಸೀನಕ್ಕನ ಹಾಗೆ ರೇಂಜರ್ ಆಗುತ್ತೇನೆಂದು ಹೇಳುತ್ತ ತಿರುಗುವವಳು. ನಾನು, ‘ದೊಡ್ಡೋರ ವಿಷಯ ನಿನಗ್ಯಾಕೆ? ಯಾರ ಹತ್ರನೂ ಹೇಳ್ಬೇಡ’ ಎಂದೆ. ‘ಸರಿ ಮಿಸ್’ ಎಂದು ಬಕೆಟ್ ಎತ್ತಿಕೊಂಡು ಹೋದಳು. ಹದಿನಾಲ್ಕು ವರ್ಷ ಕ್ಲಬ್ಬಿನ ಮಕ್ಕಳಿಗೆ ಏನೇನೋ ಕಲಿಸಿದ್ದೇನೆ. ತಪ್ಪು ಮುಚ್ಚಿಡುವುದನ್ನು ಒಂದೇ ನಿಮಿಷದಲ್ಲಿ ಕಲಿಸಿಬಿಟ್ಟೆ.

ಇದನ್ನು ರೇಡಿಯೊದಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ರೇಡಿಯೊದಲ್ಲಿ ಒಬ್ಬರಿಗೆ ಹೇಳಿದ್ದು ಹೊಳೆಯುದ್ದಕ್ಕೂ ಕೇಳುತ್ತದೆ, ಹನ್ನೆರಡು ಮಕ್ಕಳ ಹೆಸರು ಬೀದಿಪಾಲಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಧ ನಿಜ. ಇನ್ನರ್ಧ ಹೆದರಿಕೆ. ಮಕ್ಕಳನ್ನು ಕಟ್ಟಿಕೊಂಡು ಮೊಟ್ಟೆಗಳ್ಳರಿಗೆ ದಾರಿ ಮಾಡಿಕೊಟ್ಟಳು ಎಂದು ಗೊತ್ತಾದರೆ ಕ್ಲಬ್ಬನ್ನೇ ಮುಚ್ಚಿಸುತ್ತಾರೆ. ತೊಟ್ಟಿಯ ಮರಿಗಳನ್ನು ಯಾರು ನೋಡಿಕೊಳ್ಳುತ್ತಾರೆ? ಎಲ್ಲಕ್ಕಿಂತ ಹೆಚ್ಚಾಗಿ ನೀನು ನನ್ನ ಮುಖ ನೋಡುವುದನ್ನು ಬಿಟ್ಟರೆ ನಾನೇನು ಮಾಡಲಿ? ಹತ್ತು ದಿನದಿಂದ ಉಣ್ಣುವಾಗಲೂ ಇದೇ ಯೋಚನೆ. ನುಂಗಲೂ ಆಗದು, ಉಗುಳಲೂ ಆಗದು.

ಓರಿನ್ ಅವತ್ತು ಅಲ್ಲಿಗೆ ಯಾಕೆ ಹೋಗಿದ್ದ, ಒಂಬತ್ತು ಗೂಡು ಹೇಗೆ ಉಳಿಯಿತು, ನನಗೂ ಗೊತ್ತಿಲ್ಲ. ಆದರೆ ಕಳ್ಳರಿಗೆ ಜಾಗ ತೋರಿಸಿದ್ದು ಅವನಲ್ಲ, ನಿನ್ನ ಅಮ್ಮ. ಒಮ್ಮೆ ನಿನ್ನ ಸಹಿ ಬಿದ್ದರೆ ಅವನಿಗೆ ಈ ಹೊಳೆಯ ಮೇಲೆ ಯಾರೂ ಮತ್ತೆ ಕಾವಲು ಕೆಲಸ ಕೊಡುವುದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ನನ್ನನ್ನು ಏನು ಬೇಕಾದರೂ ಅನ್ನು, ಅವನನ್ನು ಬಿಡು. ಈಗಿರುವ ದಿಗಿಲು ಒಂದೇ. ನಿನ್ನ ಠಾಣೆಗೆ ಹುಟ್ಟು ಹಾಕಿಕೊಂಡು ಬರಲು ಒಂದೂವರೆ ದಿನ ಬೇಕು. ಊರಿನ ಮೋಟಾರ್ ದೋಣಿಗೆ ಪೆಟ್ರೋಲಿಲ್ಲ. ಈ ಕಾಗದವನ್ನು ಯಾರ ಕೈಯಲ್ಲಿ ಕಳಿಸಲಿ, ಅದು ಶನಿವಾರದೊಳಗೆ ತಲುಪುತ್ತದೋ ಇಲ್ಲವೋ ಗೊತ್ತಿಲ್ಲ.

ನಿನ್ನನ್ನು ಹೆತ್ತವಳು, ಇಷ್ಟಾದರೂ ನಿನ್ನವಳೇ,
ಇಸ್ಮೇ

ಮತ್ತೆ, ಗುರುವಾರ ಬೆಳಗಾಗುತ್ತಿದ್ದ ಹಾಗೆ: ನಿನಗೆ ಹೇಳುವ ಮೊದಲು ಅವನಿಗೆ ಹೇಳಬೇಕೆನ್ನಿಸಿತು. ನಿನ್ನೆ ಸಂಜೆ ಓರಿನ್ ಮನೆಗೆ ಹೋಗಿ ಈ ಕಾಗದವನ್ನು ಓದಲು ಶುರುಮಾಡಿದೆ. ಎರಡನೆಯ ಪುಟಕ್ಕೆ ಬರುವ ಮೊದಲೇ, ‘ಗೊತ್ತು ಚಿಕ್ಕಮ್ಮ’ ಎಂದ. ಒಳಗೆ ಹೋಗಿ ಹಳೆಯ ಗೋಣಿಯೊಂದನ್ನು ತಂದು ನನ್ನ ಮುಂದೆ ಬಿಚ್ಚಿದ. ಒಳಗೆ ಎರಡು ಗೀರಿನ ಒಂಬತ್ತು ಕೋಲು.

ಆ ಭಾನುವಾರ ಮೀನಿಗೆ ಹೋದವನು ದಿಣ್ಣೆಯ ಮೇಲೆ ಕೋಲುಗಳನ್ನು ಕಂಡನಂತೆ. ಗೀರು ಯಾರ ಮನೆಯದೆಂದು ತಿಳಿಯಿತು, ಏನಾಗಬಹುದೆಂದೂ ತಿಳಿಯಿತು. ಒಂದೊಂದೇ ಕಿತ್ತು, ಗೂಡಿನ ಮೇಲೆ ಮರಳು ಗುಡಿಸುತ್ತ ಬಂದ. ಒಂಬತ್ತು ಮುಗಿಯುವಾಗ ಕತ್ತಲಾಯಿತು, ತನ್ನ ಹೆಜ್ಜೆ ಅಳಿಸಲೂ ಆಗಲಿಲ್ಲ. ‘ಉಳಿದಿದ್ದು ಬೆಳಿಗ್ಗೆ ಕಿತ್ರಾಯ್ತು ಅನ್ಕೊಂಡೆ ಚಿಕ್ಕಮ್ಮ. ನಂದೇ ತಪ್ಪು’ ಎಂದ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಗದರಿದೆ. ‘ನನಗೆ ಬೇರೆ ಕೆಲಸ ಸಿಗತ್ತೆ. ಕ್ಲಬ್ ಮುಚ್ಚಿದ್ರೆ ಮಕ್ಕಳಿಗೆ ಇನ್ನೊಂದು ಸಿಗತ್ತಾ?’ ಎಂದ. ಅವನೆದುರು ಅತ್ತುಬಿಟ್ಟೆ.

ಮಕ್ಕಳ ವಿಷಯ ಬರೆದ ಪುಟ ಹರಿದುಹಾಕಿ ಎಂದು ಬೇಡಿಕೊಂಡ. ಹರಿಯಲಿಲ್ಲ. ನಾಳೆ ಊರ ಸಭೆಯಲ್ಲಿ ನಾನೇ ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ, ಟೆಸ್ಸಾಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ. ಠಾಣೆಗೂ ಬರುತ್ತೇನೆಂದೆ. ನಿಮ್ಮ ಭಾರಕ್ಕೆ ದೋಣಿ ಅರ್ಧ ದಿನ ತಡವಾಗುತ್ತದೆ ಎಂದು ಹೇಳಿ ಅವನೊಬ್ಬನೇ ಹೊರಟಿದ್ದಾನೆ.

ಕಾಗದ ತಂದುಕೊಟ್ಟವನು ಅವನೇ. ನೀನು ಇದನ್ನು ಓದುವಷ್ಟು ಹೊತ್ತೂ ಆ ಗೋಣಿ ಹಿಡಿದು ನಿನ್ನ ಎದುರೇ ನಿಂತಿರುತ್ತಾನೆ. ‘ತಪ್ಪಾಯ್ತು’ ಎಂದು ನಾನು ಹೇಳಲು ಹತ್ತು ದಿನ ತಡಮಾಡಿದ ಮಾತನ್ನು ನೀನು ಈಗಲೇ ಅವನಿಗೆ ಹೇಳು.