ಅಕ್ಕನ ಕೈಗೆಟುಕದ ಕಪಾಟು

ವೃದ್ಧಾಶ್ರಮಗಳಿಗೆ ಕಪಾಟು ಕೊಂಡುಕೊಡುವ ಮಾನ್ಯ ಅಧಿಕಾರಿಗಳೇ,

ತಾವು ಕಳಿಸಿದ ಹೊಸ ಕಪಾಟು ನಮ್ಮಕ್ಕನನ್ನು ಅರಳು ಮರಳಿನವರ ವಿಭಾಗಕ್ಕೆ ಸೇರಿಸಿದೆ. ನಗಬೇಡಿ. ಹೇಳಿ ಹೇಳಿ ದಣಿದಿದ್ದೇನೆ, ಆದರೂ ಇನ್ನೊಮ್ಮೆ ಹೇಳುತ್ತೇನೆ.

ಅಕ್ಕ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವಳು. ಇಸ್ತ್ರಿಯಿಲ್ಲದ ಬಟ್ಟೆಯಲ್ಲಿ ಹೊಸಿಲು ದಾಟಿದವಳಲ್ಲ. ಈಗ ಭುಜ ಹಿಡಿದುಕೊಂಡಿದೆ, ಮಂಡಿ ಮಡಚದು. ತಮ್ಮ ಕಪಾಟಿನಲ್ಲಿ ಬಟ್ಟೆ ತೂಗುಹಾಕುವ ಸರಳು ಇರುವುದು ತಲೆಯ ಮೇಲೆ, ಡ್ರಾಯರು ನೆಲಕ್ಕಂಟಿಕೊಂಡು. ಮುದಿ ಕೈಗೆ ಸಲೀಸಾಗಿ ಸಿಗುವ ಎತ್ತರದಲ್ಲಿ ಇರುವುದು ಬಾಗಿಲಿನ ಕನ್ನಡಿಯೊಂದೇ. ಅದನ್ನು ಉಟ್ಟುಕೊಳ್ಳಲಾದೀತೇ?

ಅಕ್ಕ ಒಂದೇ ಬಟ್ಟೆಯಲ್ಲಿ ದಿನ ದೂಡತೊಡಗಿದಳು. ಯಾಕೆಂದು ಡಾಕ್ಟರು ಕೇಳಿದರೆ ಮುಖ ತಿರುಗಿಸಿದಳು. ಮರೆವು ಎಂದು ತೀರ್ಮಾನವಾಯಿತು. ಹೊರಗಿನಿಂದ ಚಿಲಕ ಹಾಕುವ ಕೋಣೆಗೆ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

"ನಿಜ ಹೇಳಬಾರದಿತ್ತೇನೇ ಅಕ್ಕಾ?" ಎಂದೆ.

"ಏನಂತ ಹೇಳ್ಲಿ? ಒಳಬಟ್ಟೆ ತೆಗೆದುಕೊಡೋಕೂ ಒಬ್ರು ಬೇಕು ಅಂತಾನಾ? ನಾಚಿಕೆ ಆಗಲ್ವೇನೇ ನನಗೆ?"

ನಾನು ಪರಿಚಯದ ಬಡಗಿಯನ್ನು ಕರೆತಂದೆ. ಆ ಚಿಲಕದ ಕೋಣೆಯ ಕಪಾಟೂ ಅದೇ ಅಚ್ಚಿನದು. ಅವನು ಅಕ್ಕನ ಎದೆಯ ಎತ್ತರಕ್ಕೊಂದು ಸರಳು ಕೂರಿಸಿ, ಸೊಂಟದ ಮಟ್ಟಕ್ಕೆರಡು ಹಲಗೆ ಹೊಡೆದ. ಮರುದಿನವೇ ಅಕ್ಕ ನೀಲಿ ಬಟ್ಟೆ ತೊಟ್ಟು ಕೂತಿದ್ದಳು, ಪಕ್ಕದ ಮಂಚದವಳ ಗುಂಡಿ ಹೊಲಿಯುತ್ತ. ಡಾಕ್ಟರಿಗೆ ಆನಂದವೋ ಆನಂದ: "ನೋಡಿದ್ರಾ, ಮಾತ್ರೆ ಹಿಡೀತು!"

ಅಷ್ಟರಲ್ಲಿ ತಮ್ಮ ಕಚೇರಿಯವರು ತಪಾಸಣೆಗೆ ಬಂದರು. ಎಲ್ಲ ಕಪಾಟುಗಳೂ ಒಂದೇ ಥರ ಇರಬೇಕಂತೆ. ಸರಳು, ಹಲಗೆ ಎರಡನ್ನೂ ಕಿತ್ತುಹಾಕಿಸಿ ಹೋದರು. ಅಕ್ಕ ಮತ್ತೆ ಮಾಸಿದ ಬಟ್ಟೆಗೇ ಬಂದಳು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಸ್ವಾಮಿ, ಮುದುಕರೆಲ್ಲ ಒಂದೇ ಅಳತೆಯವರೆಂದು ತಮಗೆ ಹೇಳಿದವರ್ಯಾರು? ಕೊಳ್ಳುವ ಮುಂಚೆ ಒಬ್ಬ ಅಜ್ಜಿಯನ್ನಾದರೂ ಕರೆದು, "ಇದನ್ನು ತೆಗೆದು ನೋಡಿ ತಾಯಿ" ಎಂದಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ನಾನು ಕೇಳುವುದು ದೊಡ್ಡದಲ್ಲ. ಕಿತ್ತದ್ದನ್ನು ಮತ್ತೆ ಹಾಕಿಸಿ. ಅಕ್ಕನನ್ನು ಆ ಚಿಲಕದ ಕೋಣೆಯಿಂದ ಈಚೆ ಕರೆಸಿ. ಮುಂದೆ ಕಪಾಟು ಮಾಡಿಸುವಾಗ ಅದನ್ನು ಬಳಸುವವರ ಕೈಯಲ್ಲೇ ಮೊದಲು ತೆಗೆಸಿ, ಹಾಕಿಸಿ ನೋಡಿ.

ತಡ ಮಾಡಬೇಡಿ. ಹೋದ ಸಲ ತಲೆ ಬಾಚಲು ಹೋದರೆ ಅಕ್ಕ ನನ್ನ ಕೈ ಸರಿಸಿ, "ಯಾರು ನೋಡ್ತಾರೆ ಬಿಡೇ" ಎಂದಳು. ಅವಳ ಬಾಯಿಂದ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಇಂತಿ,
ತಮ್ಮ ಅಳತೆಗೆ ಬೆಳೆಯಲಾಗದ ಅಕ್ಕನ,
ಅವಳ ಹಿಂದೆಯೇ ಮುದುಕಿಯಾಗುತ್ತಿರುವ ತಂಗಿ